ಕೀಲಿಮಣೆ ಕೊಳ್ಳುವ ಮುನ್ನ: ಬದಲಾಯಿಸಲಾಗದ್ದನ್ನು ಮೊದಲು ತೀರ್ಮಾನಿಸಿ

ಪ್ರತಿ ಕೀಲಿಯ ಕೆಳಗೂ ಒಂದೊಂದು ಬಿಡಿ ಸ್ವಿಚ್ ಇರುವ ಯಾಂತ್ರಿಕ ಕೀಲಿಮಣೆ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಯಾವ ಬಣ್ಣದ ಸ್ವಿಚ್ ಒಳ್ಳೆಯದು ಎಂದು. ಕೆಂಪೋ ಕಂದೋ ನೀಲಿಯೋ ಎಂಬ ಲೆಕ್ಕಾಚಾರದಲ್ಲಿ ವಾರಗಟ್ಟಲೆ ಕಳೆದು, ಕೀಲಿಮಣೆಯ ಅಳತೆ, ಕೀಲಿಗಳ ಜೋಡಣೆ, ಸ್ವಿಚ್ಚುಗಳು ಕೂರುವ ಒಳಗಿನ ಬೋರ್ಡು ಇವನ್ನೆಲ್ಲ ಕೊನೆಯ ಗಳಿಗೆಯಲ್ಲಿ ಚಿತ್ರ ನೋಡಿ ತೀರ್ಮಾನಿಸಿಬಿಡುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ಸ್ವಿಚ್ಚನ್ನು ನಾಳೆ ಕಿತ್ತು ಬೇರೆಯದನ್ನು ಕೂರಿಸಬಹುದು, ಅದರ ಮೇಲಿನ ಅಕ್ಷರದ ಮುಚ್ಚಳವಾದ ಕೀಕ್ಯಾಪನ್ನು ಇನ್ನೂ ಸುಲಭವಾಗಿ ಬದಲಾಯಿಸಬಹುದು, ಸದ್ದನ್ನು ಮೇಜಿನ ಮೇಲೆ ಒಂದು ದಪ್ಪ ಹಾಸು ಹಾಕಿಯೇ ತಕ್ಕಮಟ್ಟಿಗೆ ತಗ್ಗಿಸಬಹುದು. ಆದರೆ ಕೀಲಿಗಳು ಎಷ್ಟಿವೆ, ಯಾವುದು ಎಲ್ಲಿದೆ, ಬೋರ್ಡು ಯಾವ ಬಗೆಯ ಸ್ವಿಚ್ಚನ್ನು ಒಪ್ಪುತ್ತದೆ, ಅದರೊಳಗೆ ಓಡುವ ತಂತ್ರಾಂಶವಾದ ಫರ್ಮ್‌ವೇರ್ ನಮ್ಮ ಮಾತು ಕೇಳುತ್ತದೆಯೇ ಎಂಬುದೆಲ್ಲ ಕೊಂಡ ದಿನವೇ ನಿಗದಿಯಾಗಿಬಿಡುತ್ತದೆ.

ಆದ್ದರಿಂದ ಬದಲಾಯಿಸಲಾಗದ್ದನ್ನು ಮೊದಲು, ಬದಲಾಯಿಸಬಹುದಾದ್ದನ್ನು ಆಮೇಲೆ ಆರಿಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಕೀಲಿಮಣೆಗೆ ಹೇಳಿದ ಈ ಮಾತು ಮೌಸ್, ಮಾನಿಟರ್, ಬೆಸುಗೆ ಸಲಕರಣೆಗಳಿಗೂ ಹೊಂದುತ್ತದೆ. ಅವುಗಳ ವಿಷಯ ಕೊನೆಯಲ್ಲಿ ಬರುತ್ತದೆ.

ಎಷ್ಟು ಕೀಲಿ, ಯಾವ ಜೋಡಣೆ

ಕೀಲಿಮಣೆಗಳ ಅಳತೆಯನ್ನು ಶೇಕಡಾವಾರಿನಲ್ಲಿ ಹೇಳುವುದು ರೂಢಿ. ಅದು ನಿಖರವಾದ ಗಣಿತವಲ್ಲ, ಒಂದು ಗುರುತಿನ ಹೆಸರು ಮಾತ್ರ. ಪೂರ್ಣ ಅಳತೆಯ ಕೀಲಿಮಣೆಯಲ್ಲಿ ಅಮೆರಿಕದ ಆನ್ಸಿ ಮಾದರಿಯಾದರೆ 104, ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಐಎಸ್ಒ ಮಾದರಿಯಾದರೆ 105 ಕೀಲಿಗಳಿರುತ್ತವೆ. ಬಲಬದಿಯ ಅಂಕಿಗಳ ಗುಂಪನ್ನು ತೆಗೆದರೆ ಉಳಿಯುವ 87 ಕೀಲಿಗಳದ್ದು ಟೆನ್‌ಕೀಲೆಸ್. ಬಾಣದ ಕೀಲಿಗಳನ್ನೂ ಮೇಲ್ತುದಿಯಲ್ಲಿ ಎಫ್1ರಿಂದ ಎಫ್12ರವರೆಗಿನ ಎಫ್ ಸಾಲನ್ನೂ ಉಳಿಸಿಕೊಂಡು ಎಲ್ಲವನ್ನೂ ಒತ್ತಾಗಿ ಜೋಡಿಸಿದ್ದು ಶೇಕಡಾ 75; ಎಫ್ ಸಾಲನ್ನು ಬಿಟ್ಟು ಬಾಣಗಳನ್ನು ಇಟ್ಟುಕೊಂಡದ್ದು ಶೇಕಡಾ 65; ಬಾಣಗಳೂ ಇಲ್ಲದ 61 ಕೀಲಿಗಳದ್ದು ಶೇಕಡಾ 60.

ಕೀಲಿಯಿಂದ ಕೀಲಿಗೆ ನಡುವಿನ ಅಂತರ ಹೆಚ್ಚುಕಡಿಮೆ ಎಲ್ಲ ಸಾಮಾನ್ಯ ಕೀಲಿಮಣೆಗಳಲ್ಲೂ 19.05 ಮಿ.ಮೀ. ಇದನ್ನೇ ಒಂದು ಯೂನಿಟ್ ಎನ್ನುತ್ತಾರೆ. ಚೌಕಟ್ಟನ್ನು ಬಿಟ್ಟು ಲೆಕ್ಕ ಹಾಕಿದರೆ ಪೂರ್ಣ ಅಳತೆಯದು 22.5 ಯೂನಿಟ್, ಅಂದರೆ ಸುಮಾರು 43 ಸೆಂ.ಮೀ. ಅಗಲ, ಟೆನ್‌ಕೀಲೆಸ್ ಸುಮಾರು 35 ಸೆಂ.ಮೀ.; ಶೇಕಡಾ 60ರದ್ದು ಸುಮಾರು 28.6 ಸೆಂ.ಮೀ. ಅಂಕಿಗಳ ಗುಂಪನ್ನು ಬಿಟ್ಟುಕೊಟ್ಟರೆ ಮೌಸ್ 8 ಸೆಂ.ಮೀ. ಒಳಗೆ ಬರುತ್ತದೆ, ಬಲತೋಳು ಅಷ್ಟರಮಟ್ಟಿಗೆ ಭುಜದ ನೇರಕ್ಕೆ ಮರಳುತ್ತದೆ. ಚಿಕ್ಕ ಕೀಲಿಮಣೆಯ ನಿಜವಾದ ಲಾಭ ಇದು. ಮೇಜು ಅಂದವಾಗಿ ಕಾಣುವುದು ಆಮೇಲಿನ ಮಾತು.

ನಿಮಗೆ ಎಷ್ಟು ಕೀಲಿ ಬೇಕೆಂದು ತಿಳಿಯಲು ಏನನ್ನೂ ಕೊಳ್ಳಬೇಕಾಗಿಲ್ಲ. ಈಗಿರುವ ಕೀಲಿಮಣೆಯ ಅಂಕಿಗಳ ಗುಂಪಿನ ಮೇಲೆ ಒಂದು ರಟ್ಟನ್ನು ಅಂಟಿಸಿ ಒಂದು ವಾರ ಕೆಲಸ ಮಾಡಿ; ಕೈ ಅತ್ತ ಹೋಗದಿದ್ದರೆ ಎಫ್ ಸಾಲನ್ನೂ ಹಾಗೆಯೇ ಮುಚ್ಚಿ ನೋಡಿ. ದಿನವಿಡೀ ಲೆಕ್ಕದ ಹಾಳೆಗಳಲ್ಲಿ ಅಂಕಿ ತುಂಬುವವರಿಗೆ ಮೊದಲ ದಿನವೇ ಉತ್ತರ ಸಿಗುತ್ತದೆ. ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಎಡವುವುದು ಬಾಣದ ಕೀಲಿಗಳಲ್ಲಿ ಮತ್ತು ಹೋಮ್, ಎಂಡ್, ಡಿಲೀಟ್ ಕೀಲಿಗಳಲ್ಲಿ. ಶೇಕಡಾ 60ರ ಕೀಲಿಮಣೆಯಲ್ಲಿ ಇವೆಲ್ಲ ಎಫ್ಎನ್ ಕೀಲಿಯ ಜೊತೆಗೆ ಒತ್ತುವ ಎರಡನೆಯ ಪದರದಲ್ಲಿ ಅಡಗಿರುತ್ತವೆ. ಅಭ್ಯಾಸವಾದವರಿಗೆ ಅದು ಹಿತ. ಅಭ್ಯಾಸ ಮಾಡಿಕೊಳ್ಳುವ ಮನಸ್ಸಿಲ್ಲದವರಿಗೆ ದಿನನಿತ್ಯದ ಕಿರಿಕಿರಿ. ಮೊದಲ ಸಲ ಕೊಳ್ಳುವವರು ಟೆನ್‌ಕೀಲೆಸ್ ಅಥವಾ ಶೇಕಡಾ 75ಕ್ಕಿಂತ ಕೆಳಗೆ ಇಳಿಯದಿರುವುದು ಕ್ಷೇಮ.

ಚಿತ್ರದಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಕೆಳಸಾಲಿನ ಅಳತೆ. ರೂಢಿಯ ಕೆಳಸಾಲಿನಲ್ಲಿ 6.25 ಯೂನಿಟ್ಟಿನ ಸ್ಪೇಸ್‌ಬಾರ್, ಅದರ ಅಕ್ಕಪಕ್ಕದಲ್ಲಿ ತಲಾ 1.25 ಯೂನಿಟ್ಟಿನ ಏಳು ಕೀಲಿಗಳು ಇರುತ್ತವೆ. ಎಲ್ಲ ಸೇರಿ ಸರಿಯಾಗಿ 15 ಯೂನಿಟ್. ಕೆಲವು ತಯಾರಕರು ಈ ಸಾಲನ್ನು ತಮಗೆ ತೋಚಿದಂತೆ ಹಂಚುತ್ತಾರೆ. ಅಂಥ ಕೀಲಿಮಣೆಯನ್ನು ಕೊಂಡರೆ ಮುಂದೆ ಕೀಕ್ಯಾಪ್ ಬದಲಾಯಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಏಕೆಂದರೆ ಹೊಂದುವ ಸ್ಪೇಸ್‌ಬಾರ್ ಎಲ್ಲಿಯೂ ಸಿಗುವುದಿಲ್ಲ. ಶೇಕಡಾ 65 ಮತ್ತು 75ರಲ್ಲಿ ಬಾಣಗಳಿಗೆ ಜಾಗ ಮಾಡಿಕೊಡಲು ಬಲ ಶಿಫ್ಟನ್ನು 2.75ರಿಂದ 1.75 ಯೂನಿಟ್ಟಿಗೆ ಕುಗ್ಗಿಸಿರುತ್ತಾರೆ. ಅದಕ್ಕೆ ಹೊಂದುವ ತುಂಡು ಕೀಕ್ಯಾಪ್ ಗುಂಪಿನಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು. ಐಎಸ್ಒ ಮಾದರಿಯಲ್ಲಿ ಎಂಟರ್ ಕೀಲಿ ಎರಡು ಸಾಲಿನಷ್ಟು ಎತ್ತರವಿದ್ದು, ಎಡ ಶಿಫ್ಟ್ ಕಿರಿದಾಗಿ, ಅದರ ಪಕ್ಕದಲ್ಲಿ ಹೆಚ್ಚಿನ ಕೀಲಿಯೊಂದು ಬರುತ್ತದೆ. ಆ ಕೀಲಿ ಬೇಕಾದ ಭಾಷೆಯಲ್ಲಿ ಬರೆಯುವವರನ್ನು ಬಿಟ್ಟು ಉಳಿದವರಿಗೆ ಆನ್ಸಿ ಮಾದರಿಯೇ ಅನುಕೂಲ.

ಕೀಲಿಗಳ ಮೇಲೆ ಅಚ್ಚಾಗಿರುವ ಅಕ್ಷರಗಳಿಗೆ ಮಾತ್ರ ಬೆಲೆ ಕೊಡಬೇಕಾಗಿಲ್ಲ. ಯೂಎಸ್‌ಬಿ ಕೀಲಿಮಣೆಯು ಕಂಪ್ಯೂಟರಿಗೆ ಅಕ್ಷರವನ್ನು ಕಳಿಸುವುದೇ ಇಲ್ಲ. ಇಂಥ ಸ್ಥಾನದ ಕೀಲಿ ಒತ್ತಲ್ಪಟ್ಟಿದೆ ಎಂಬ ಸಂಕೇತವನ್ನಷ್ಟೇ ಕಳಿಸುತ್ತದೆ. ಅದನ್ನು ರೂಢಿಯ ಕ್ವೆರ್ಟಿ ಜೋಡಣೆಯೆಂದು ಓದಬೇಕೋ, 1936ರಲ್ಲಿ ಪೇಟೆಂಟ್ ಪಡೆದ ಡ್ವೊರಾಕ್ ಎಂದು ಓದಬೇಕೋ, 2006ರ ಕೋಲ್ಮಾಕ್ ಎಂದೋ, ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ಎಂದೋ ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಮ್. ನೋಡದೆ ಬೆರಳಚ್ಚಿಸುವವರಿಗೆ ಕನ್ನಡಕ್ಕೆಂದು ಬೇರೆ ಕೀಲಿಮಣೆಯ ಅಗತ್ಯವಿಲ್ಲ.

ಎರಡು ಹೋಳಾದ ಕೀಲಿಮಣೆಗಳ ವಿಷಯವೇ ಬೇರೆ. ನಮ್ಮ ಕೀಲಿಸಾಲುಗಳು ಒಂದರಿಂದೊಂದು ಓರೆಯಾಗಿ ಸರಿದಿರುವುದಕ್ಕೆ ಬೆರಳಿನ ರಚನೆ ಕಾರಣವಲ್ಲ. ಟೈಪ್‌ರೈಟರಿನಲ್ಲಿ ಪ್ರತಿ ಕೀಲಿಯ ಕೆಳಗಿನ ಸನ್ನೆಕಡ್ಡಿ ಇನ್ನೊಂದಕ್ಕೆ ತಾಗದೆ ಹಿಂದಕ್ಕೆ ಹೋಗಬೇಕಾಗಿತ್ತು, ಅದಕ್ಕಾಗಿ ಬಂದ ಓರೆ ಇದು. ಎರ್ಗೋಡಾಕ್ಸ್, ಕೋರ್ನೆ ಮುಂತಾದ ವಿನ್ಯಾಸಗಳು ಕೀಲಿಗಳನ್ನು ನೇರ ಕಂಬಸಾಲಿನಲ್ಲಿ ನಿಲ್ಲಿಸಿ, ಹೆಬ್ಬೆರಳಿಗೆ ಒಂದಕ್ಕಿಂತ ಹೆಚ್ಚು ಕೀಲಿ ಕೊಟ್ಟು, ಎರಡು ಹೋಳುಗಳನ್ನು ಭುಜದ ಅಗಲಕ್ಕೆ ದೂರವಿಡಲು ಬಿಡುತ್ತವೆ. ಕೋರ್ನೆಯಲ್ಲಿ ಇರುವುದು 42 ಕೀಲಿಗಳು ಮಾತ್ರ. ಅಂಕಿಗಳೂ ಚಿಹ್ನೆಗಳೂ ಪದರಗಳಲ್ಲಿರುತ್ತವೆ. ಇಂಥದಕ್ಕೆ ಕೈ ಪಳಗಲು ವಾರಗಳೇ ಬೇಕು, ಆ ಅವಧಿಯಲ್ಲಿ ಬರವಣಿಗೆಯ ವೇಗ ನೆಲಕಚ್ಚುತ್ತದೆ. ಅಷ್ಟು ದೂರ ಹೋಗುವ ಮುನ್ನ ರೂಢಿಯ ಓರೆಸಾಲುಗಳನ್ನೇ ಇಟ್ಟುಕೊಂಡು ನಡುವೆ ಮಾತ್ರ ಸೀಳಿದ ಕೀಲಿಮಣೆಯನ್ನು ಬಳಸಿ ನೋಡುವುದು ಒಳ್ಳೆಯದು. ಮಣಿಕಟ್ಟಿನ ನೋವು ಈಗಾಗಲೇ ಇದ್ದರೆ ಮೊದಲು ವೈದ್ಯರನ್ನು ಕಾಣಬೇಕು, ಕೀಲಿಮಣೆ ಔಷಧವಲ್ಲ. ಇರುವ ಕೀಲಿಮಣೆಯ ಹಿಂಬದಿಯ ಕಾಲುಗಳನ್ನು ಮಡಿಸಿಡುವುದಕ್ಕಂತೂ ಏನೂ ಖರ್ಚಿಲ್ಲ: ಹಿಂಭಾಗ ಎತ್ತರವಾದಷ್ಟೂ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ.

ಬೋರ್ಡು ಮತ್ತು ಫರ್ಮ್‌ವೇರ್

ಅಳತೆ ತೀರ್ಮಾನವಾದ ಮೇಲೆ ಕೇಳಬೇಕಾದ ಪ್ರಶ್ನೆ ಸ್ವಿಚ್ ಯಾವುದು ಎಂದಲ್ಲ, ಸ್ವಿಚ್ಚನ್ನು ಬೆಸುಗೆಯಿಲ್ಲದೆ ತೆಗೆಯಬಹುದೇ ಎಂದು. ಹಾಟ್‌ಸ್ವಾಪ್ ಎಂದು ಕರೆಯುವ ಬೋರ್ಡುಗಳಲ್ಲಿ ಪ್ರತಿ ಸ್ವಿಚ್ಚಿನ ಕೆಳಗೆ ಒಂದು ಸಾಕೆಟ್ ಇರುತ್ತದೆ. ಚಿಕ್ಕ ಇಕ್ಕಳದಿಂದ ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದರೆ ಆಯಿತು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಹಾಟ್‌ಸ್ವಾಪ್ ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಎಲ್ಲ ಸ್ವಿಚ್ಚುಗಳೂ ಹೊಂದುತ್ತವೆ ಎಂದಲ್ಲ. ಬೆಳಕಿನ ಕಿರಣವನ್ನು ತಡೆದು ಕೆಲಸ ಮಾಡುವ ಆಪ್ಟಿಕಲ್ ಸ್ವಿಚ್ಚುಗಳ ಬೋರ್ಡು ಲೋಹದ ಸಂಪರ್ಕವುಳ್ಳ ಸಾಮಾನ್ಯ ಸ್ವಿಚ್ಚನ್ನು ಒಪ್ಪುವುದಿಲ್ಲ, ಅಯಸ್ಕಾಂತದ ಸ್ವಿಚ್ಚುಗಳ ಬೋರ್ಡಿನ ಮಾತೂ ಸಾಮಾನ್ಯವಾಗಿ ಅದೇ. ಎರಡನೆಯದಾಗಿ, ಸಾಮಾನ್ಯ ಸ್ವಿಚ್ಚುಗಳಲ್ಲಿ ಮೂರು ಕಾಲಿನವೂ ಐದು ಕಾಲಿನವೂ ಇವೆ. ಮೂರು ಕಾಲಿನ ಬೋರ್ಡಿಗೆ ಐದು ಕಾಲಿನದನ್ನು ಕೂರಿಸಬೇಕಾದರೆ ಹೆಚ್ಚಿನ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಕತ್ತರಿಸಬೇಕಾಗುತ್ತದೆ. ಐದು ಕಾಲನ್ನೂ ಒಪ್ಪುವ ಬೋರ್ಡನ್ನೇ ಆರಿಸಿಕೊಳ್ಳಿ. ಸ್ವಿಚ್ ಕೂರಿಸುವಾಗ ಲೋಹದ ಕಾಲುಗಳು ನೆಟ್ಟಗಿವೆಯೇ ಎಂದು ಒಂದೊಂದನ್ನೂ ನೋಡಿ, ಸಾಧ್ಯವಾದರೆ ಹಿಂಬದಿಯಿಂದ ಸಾಕೆಟ್ಟಿಗೆ ಬೆರಳ ಆಸರೆ ಕೊಟ್ಟು ಒತ್ತಿ. ಅವಸರದಲ್ಲಿ ಒತ್ತಿದಾಗ ಸಾಕೆಟ್ ಬೋರ್ಡಿನ ತಾಮ್ರದ ಪಟ್ಟಿಯೊಂದಿಗೇ ಕಳಚಿಬರುವುದುಂಟು.

ಇನ್ನು ಫರ್ಮ್‌ವೇರ್. ಕೀಲಿಮಣೆಯೊಂದನ್ನು ಹವ್ಯಾಸಿಯ ಕೀಲಿಮಣೆಯನ್ನಾಗಿ ಮಾಡುವುದು ಹೊಳೆಯುವ ದೀಪಗಳಲ್ಲ, ಇದು. ಕ್ಯೂಎಂಕೆ ಎಂಬುದು ಮುಕ್ತ ತಂತ್ರಾಂಶ. ಅದು ಓಡುವ ಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಲಸವನ್ನೂ ನೀವೇ ಗೊತ್ತುಮಾಡಬಹುದು. ವಿಯಾ ಎಂಬ ಜೊತೆಗಾರ ತಂತ್ರಾಂಶವಿದ್ದರೆ ಇದನ್ನು ಕೋಡ್ ಬರೆಯದೆ, ಪರದೆಯ ಮೇಲಿನ ಚಿತ್ರವನ್ನು ಕ್ಲಿಕ್ಕಿಸಿಯೇ ಮಾಡಬಹುದು. ಬದಲಾವಣೆಯೆಲ್ಲ ಕೀಲಿಮಣೆಯ ನೆನಪಿನಲ್ಲಿಯೇ ಉಳಿಯುವುದರಿಂದ ಅದನ್ನು ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ನಡೆಯುತ್ತದೆ. ತಯಾರಕರ ತಂತ್ರಾಂಶವನ್ನು ಸದಾ ಓಡಿಸುತ್ತಿರಬೇಕಾಗಿಲ್ಲ, ಅದಕ್ಕೊಂದು ಖಾತೆ ತೆರೆಯಬೇಕಾಗಿಯೂ ಇಲ್ಲ. ನಾನು ಎಲ್ಲರಿಗೂ ಮೊದಲು ಸೂಚಿಸುವ ಬದಲಾವಣೆ ಕ್ಯಾಪ್ಸ್‌ಲಾಕಿನದು: ಹಿಡಿದರೆ ಕಂಟ್ರೋಲ್, ತಟ್ಟಿ ಬಿಟ್ಟರೆ ಎಸ್ಕೇಪ್. ತಟ್ಟಿದ್ದೋ ಹಿಡಿದದ್ದೋ ಎಂದು ಕ್ಯೂಎಂಕೆ ನಿರ್ಣಯಿಸುವುದು 200 ಮಿಲಿಸೆಕೆಂಡಿನ ಗಡುವಿನಿಂದ. ಬೆರಳು ನಿಧಾನವಾದವರು ಅದನ್ನು ಹಿಗ್ಗಿಸಿಕೊಳ್ಳಬಹುದು. ಪೂರ್ತಿ ನಿಸ್ತಂತು ಕೀಲಿಮಣೆ ಬೇಕೆನ್ನುವವರಿಗೆ ಆರಂಭದಿಂದಲೂ ಬ್ಯಾಟರಿಯ ಮಿತಬಳಕೆಯನ್ನು ಗಮನದಲ್ಲಿಟ್ಟು ರಚಿಸಿದ ಝಡ್ಎಂಕೆ ಇದೆ.

ಜಾಹೀರಾತಿನಲ್ಲಿ ಕ್ಯೂಎಂಕೆ ಎಂದು ಬರೆದಿದ್ದರೂ ಆ ಬೋರ್ಡಿನ ಮೂಲ ಕೋಡನ್ನು ಪ್ರಕಟಿಸದ ತಯಾರಕರಿದ್ದಾರೆ. ಕ್ಯೂಎಂಕೆಯ ಜಿಪಿಎಲ್ ಪರವಾನಗಿಗೆ ಇದು ವಿರುದ್ಧ, ಅದಕ್ಕಿಂತ ಮುಖ್ಯವಾಗಿ, ಮುಂದೆ ದೋಷವೊಂದು ಕಂಡರೆ ಅದನ್ನು ಯಾರೂ ಸರಿಪಡಿಸಲಾರರು. ಕೊಳ್ಳುವ ಮೊದಲು ಕ್ಯೂಎಂಕೆ ಯೋಜನೆಯ ಮುಖ್ಯ ಕೋಡ್ ಭಂಡಾರದಲ್ಲಿ ನಿಮ್ಮ ಕೀಲಿಮಣೆಯ ಹೆಸರು ಇದೆಯೇ ಎಂದು ಹುಡುಕಿ. ಎರಡು ನಿಮಿಷದ ಕೆಲಸವಿದು. ಸ್ವಿಚ್ಚುಗಳ ಕುರಿತ ಎರಡು ಗಂಟೆಯ ವಿಡಿಯೊಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಹೆಚ್ಚಿನವನ್ನು ನಿರ್ಲಕ್ಷಿಸಬಹುದು. ಯೂಎಸ್‌ಬಿಯ ಅತ್ಯಂತ ಸರಳ ವಿಧಾನದಲ್ಲಿ ಶಿಫ್ಟ್, ಕಂಟ್ರೋಲ್ ಮುಂತಾದ 8 ಸಹಾಯಕ ಕೀಲಿಗಳ ಜೊತೆಗೆ ಏಕಕಾಲಕ್ಕೆ 6 ಕೀಲಿಗಳ ವರದಿ ಹೋಗುತ್ತದೆ. ಎನ್‌ಕೆಆರ್‌ಒ ಎಂದಿದ್ದರೆ ಎಲ್ಲ ಕೀಲಿಗಳದ್ದೂ ಹೋಗುತ್ತದೆ. ಬೆರಳುಗಳಿರುವುದೇ ಹತ್ತು, ಬರೆಯುವವರಿಗೆ ಆರು ಸಾಕು. ಪೋಲಿಂಗ್ ದರ 125 ಹರ್ಟ್ಸ್ ಇದ್ದರೆ ವರದಿ 8 ಮಿಲಿಸೆಕೆಂಡಿಗೊಮ್ಮೆ, 1000 ಹರ್ಟ್ಸ್ ಇದ್ದರೆ 1 ಮಿಲಿಸೆಕೆಂಡಿಗೊಮ್ಮೆ ಹೋಗುತ್ತದೆ. ಲೋಹದ ಸಂಪರ್ಕ ಕೂಡಿದಾಗ ಅದು ಕೆಲವು ಕ್ಷಣ ಅದುರುವುದರಿಂದ, ಅದುರುವಿಕೆಯನ್ನು ಹಲವು ಒತ್ತುಗಳೆಂದು ಎಣಿಸದಿರಲು ಫರ್ಮ್‌ವೇರ್ ಸ್ವಲ್ಪ ಕಾಯುತ್ತದೆ. ಕ್ಯೂಎಂಕೆಯಲ್ಲಿ ಬದಲಾಯಿಸದೆ ಬಿಟ್ಟರೆ ಈ ಅವಧಿ 5 ಮಿಲಿಸೆಕೆಂಡ್. ಇದರ ಮುಂದೆ 8000 ಹರ್ಟ್ಸ್ ಎಂಬ ಹೆಗ್ಗಳಿಕೆಗೆ ಸಾಮಾನ್ಯ ಸ್ವಿಚ್ಚಿನ ಕೀಲಿಮಣೆಯಲ್ಲಿ ಹಣ ತೆರುವುದು ವ್ಯರ್ಥ.

ನಿಸ್ತಂತು ಬೇಕೇ ಎಂಬುದನ್ನೂ ಈ ಹಂತದಲ್ಲಿಯೇ ತೀರ್ಮಾನಿಸಬೇಕು, ಆಮೇಲೆ ಸೇರಿಸಲಾಗದು. ಬ್ಲೂಟೂತ್ ಕೀಲಿಮಣೆ ಸಾಮಾನ್ಯವಾಗಿ ಕಂಪ್ಯೂಟರ್ ಶುರುವಾಗುವಾಗಿನ ಬಯಾಸ್ ಪರದೆಯಲ್ಲಾಗಲಿ, ಗೂಢಲಿಪಿ ಮಾಡಿದ ಡಿಸ್ಕಿನ ಗುಪ್ತಪದ ಕೇಳುವ ಹಂತದಲ್ಲಾಗಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಆಗ ಆಪರೇಟಿಂಗ್ ಸಿಸ್ಟಮ್ ಇನ್ನೂ ಎದ್ದಿರುವುದಿಲ್ಲ. ತಂತಿಯಿಂದಲೂ ನಡೆಯುವಂಥದನ್ನೇ ಆರಿಸಿ. ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ರಿಸೀವರಾದ 2.4 ಗಿಗಾಹರ್ಟ್ಸ್ ಡಾಂಗಲ್ ಬಳಸುವವರು ಅದನ್ನು ಯೂಎಸ್‌ಬಿ 3ರ ಕಿಂಡಿಗೆ ಅಂಟಿಕೊಂಡಂತೆ ಸಿಕ್ಕಿಸಬಾರದು; ಯೂಎಸ್‌ಬಿ 3ರ ದತ್ತಾಂಶ ಸಂಚಾರ ಅದೇ ತರಂಗಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಚಿಕ್ಕ ವಿಸ್ತರಣಾ ಕೇಬಲ್ ಹಾಕಿ ಡಾಂಗಲನ್ನು ದೂರಕ್ಕೆ ತಂದರೆ ಅಕ್ಷರ ತಪ್ಪುವುದೂ ಎರಡೆರಡು ಬೀಳುವುದೂ ಬಹುಮಟ್ಟಿಗೆ ನಿಲ್ಲುತ್ತದೆ.

ಸ್ವಿಚ್, ಸದ್ದು, ಕೀಕ್ಯಾಪ್

ಸ್ವಿಚ್ಚಿನ ಬಣ್ಣಗಳ ಭಾಷೆ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳಿಂದ ಬಂದದ್ದು. ಕೆಂಪು ನೇರವಾಗಿ ಇಳಿಯುವ ಲೀನಿಯರ್, ಒತ್ತಲು ಬೇಕಾದ ಬಲ ಸುಮಾರು 45 ಸೆಂಟಿನ್ಯೂಟನ್. ಕಂದು ನಡುವೆ ಸಣ್ಣ ಉಬ್ಬು ತಾಗಿಸುವ ಟ್ಯಾಕ್ಟೈಲ್. ನೀಲಿ ಉಬ್ಬಿನ ಜೊತೆಗೆ ಟಿಕ್ಕೆನ್ನುವ ಕ್ಲಿಕಿ. ಕೆಂಪಿನಲ್ಲೂ ಕಂದಿನಲ್ಲೂ 2 ಮಿ.ಮೀ. ಇಳಿದಾಗ ಒತ್ತು ದಾಖಲಾಗುತ್ತದೆ, ಪೂರ್ತಿ ಇಳಿತ 4 ಮಿ.ಮೀ. ಚೆರ್ರಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಅದೇ ಕೂಡುಗೆರೆಯಾಕಾರದ ಕಂಬವುಳ್ಳ ಸ್ವಿಚ್ಚುಗಳನ್ನು ಹತ್ತಾರು ಕಂಪನಿಗಳು ಮಾಡತೊಡಗಿದವು. ಈಗ ಬಣ್ಣಕ್ಕೂ ಗುಣಕ್ಕೂ ನಂಟು ಉಳಿದಿಲ್ಲ. ಬಲದ ಅಂಕಿಯನ್ನು ಕೂಡ ಒಬ್ಬರು ದಾಖಲಾಗುವ ಬಿಂದುವಿನಲ್ಲಿ ಅಳೆದರೆ ಇನ್ನೊಬ್ಬರು ತಳ ಮುಟ್ಟಿದಾಗ ಅಳೆಯುತ್ತಾರೆ. ಆದ್ದರಿಂದ ಎರಡು ಕಂಪನಿಗಳ ಅಂಕಿಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ.

ಒಂಬತ್ತು ಸ್ವಿಚ್ಚುಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂರಿಸಿ ಮಾರುವ ಪರೀಕ್ಷಾ ಫಲಕಗಳಿಂದ ತಿಳಿಯುವುದು ಕಡಿಮೆ. ಒಂದೇ ಬೆರಳಿನಿಂದ ಒಂದೇ ಸ್ವಿಚ್ಚನ್ನು ಒತ್ತುವುದಕ್ಕೂ ಎರಡು ಪುಟ ಬರೆಯುವುದಕ್ಕೂ ಸಂಬಂಧವಿಲ್ಲ. ಹಾಟ್‌ಸ್ವಾಪ್ ಬೋರ್ಡು ಕೈಯಲ್ಲಿದ್ದರೆ ಒಂದೊಂದು ಬಗೆಯನ್ನು ಹತ್ತರಂತೆ ಕೊಂಡು, ಬೆರಳುಗಳು ವಿಶ್ರಮಿಸುವ ನಡುಸಾಲಿನಲ್ಲಿ ಹಾಕಿ, ಕೆಲವು ದಿನ ನಿಜವಾದ ಕೆಲಸ ಮಾಡಿ ನೋಡಿ. ಕಂದು ಸ್ವಿಚ್ಚು ಎಲ್ಲರಿಗೂ ಒಗ್ಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಉಬ್ಬು ಎಷ್ಟು ಮೆಲುವೆಂದರೆ ಕೆಲವರಿಗೆ ಅದು ಒರಟಾದ ಲೀನಿಯರ್ ಎನ್ನಿಸುತ್ತದೆ. ಕ್ಲಿಕಿ ಸ್ವಿಚ್ಚನ್ನು ಇನ್ನೊಬ್ಬರು ಕುಳಿತಿರುವ ಕೋಣೆಯಲ್ಲಿ ಬಳಸುವ ಯೋಚನೆಯನ್ನು ಬಿಡುವುದೇ ಮೇಲು. ಒಳಗೆ ಮೆದು ರಬ್ಬರಿನ ಮೆತ್ತೆಗಳಿರುವ ಸೈಲೆಂಟ್ ಸ್ವಿಚ್ಚುಗಳು ಅಂಥಲ್ಲಿಗೆ ತಕ್ಕವು, ತಳ ಮುಟ್ಟುವಾಗ ತುಸು ಮೆತ್ತಗೆ ಅನ್ನಿಸಿದರೂ.

ಅಯಸ್ಕಾಂತದ ಸ್ವಿಚ್ಚುಗಳ ಬಗ್ಗೆ ಈಚೆಗೆ ಹೆಚ್ಚು ಕೇಳಿಬರುತ್ತಿದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸುವ ಸಂವೇದಕವು ಕಂಬದಲ್ಲಿರುವ ಅಯಸ್ಕಾಂತ ಎಷ್ಟು ಹತ್ತಿರ ಬಂದಿದೆ ಎಂದು ಅಳೆಯುತ್ತದೆ. ಲೋಹದ ಸಂಪರ್ಕವಿಲ್ಲದ್ದರಿಂದ ಅದುರುವಿಕೆಯಿಲ್ಲ. ಒತ್ತು ಯಾವ ಆಳದಲ್ಲಿ ದಾಖಲಾಗಬೇಕೆಂದು ಕೀಲಿಕೀಲಿಗೂ ಬೇರೆಬೇರೆಯಾಗಿ ಹೇಳಬಹುದು. ಬೆರಳು ತುಸು ಮೇಲೆದ್ದೊಡನೆ ಒತ್ತು ಮುಗಿದಂತೆ ಲೆಕ್ಕ ಹಾಕುವ ರ‍್ಯಾಪಿಡ್ ಟ್ರಿಗರ್ ಸಾಧ್ಯವಾಗುತ್ತದೆ. ವೇಗದ ಆಟಗಳನ್ನು ಆಡುವವರಿಗೆ ಇದರ ಲಾಭ ನಿಜ. ಬರೆಯುವವರಿಗೆ ಅಷ್ಟು ಸೂಕ್ಷ್ಮವಾದ ಕೀಲಿಯಿಂದ ಕೈ ಸೋಕಿದರೆ ಸಾಕು ಅಕ್ಷರ ಬೀಳುವ ತಾಪತ್ರಯವೇ ಹೆಚ್ಚು, ಆಳವನ್ನು 1.5 ಮಿ.ಮೀ. ಮೇಲೆ ಇಟ್ಟುಕೊಂಡರೆ ಸರಿಹೋಗುತ್ತದೆ. ತೆಳು ಕೀಲಿಮಣೆಗಳ ಸ್ವಿಚ್ಚುಗಳದ್ದು ಮತ್ತೊಂದು ಕುಲ. ಕೈಲ್ ಕಂಪನಿಯ ಚಾಕ್ ಬಗೆಯದಕ್ಕೆ ಎಂಎಕ್ಸ್ ಸ್ವಿಚ್ಚಿನ ಬೋರ್ಡು ಹೊಂದುವುದಿಲ್ಲ, ಅದರ ಮೊದಲ ತಲೆಮಾರಿಗೆ ಎಂಎಕ್ಸ್ ಕೀಕ್ಯಾಪೂ ಹೊಂದುವುದಿಲ್ಲ.

ಸದ್ದಿನ ಬಗ್ಗೆ ಹವ್ಯಾಸಿಗಳು ಆಡುವಷ್ಟು ಮಾತು ಬೇರಾವುದರ ಬಗ್ಗೆಯೂ ಆಡುವುದಿಲ್ಲ. ಮೈಕ್, ಕೋಣೆ, ಮೇಜು ಎಲ್ಲವೂ ಬೇರೆಯಾಗಿರುವುದರಿಂದ ಧ್ವನಿಮುದ್ರಣ ಕೇಳಿ ಕೀಲಿಮಣೆ ಕೊಳ್ಳುವುದು ನಂಬತಕ್ಕ ದಾರಿಯಲ್ಲ. ಒಳ್ಳೆಯದನ್ನು ಗುರುತಿಸಲು ಸ್ಪೇಸ್‌ಬಾರನ್ನು ಎರಡೂ ತುದಿಗಳಲ್ಲಿ ಒತ್ತಿ ಕೇಳಿ. ಉದ್ದದ ಕೀಲಿಗಳನ್ನು ಮಟ್ಟವಾಗಿ ಹಿಡಿಯುವ ಸ್ಟೆಬಿಲೈಸರಿನ ತಂತಿ ಸಡಿಲವಿದ್ದರೆ ಅಲ್ಲಿ ಗಲಗಲ ಸದ್ದು ಬರುತ್ತದೆ. ತಂತಿಯ ತುದಿಗಳಿಗೆ ದಪ್ಪನೆಯ ಡೈಎಲೆಕ್ಟ್ರಿಕ್ ಗ್ರೀಸನ್ನು ಸವರಿದರೆ ಹೆಚ್ಚಿನ ಗಲಾಟೆ ಅಡಗುತ್ತದೆ. ಬೋರ್ಡಿಗೆ ತಿರುಪಿನಿಂದ ಬಿಗಿದ ಸ್ಟೆಬಿಲೈಸರ್ ಇದ್ದರೆ ಇನ್ನೂ ಒಳ್ಳೆಯದು. ಸ್ವಿಚ್ಚುಗಳ ಒಳಗೆ ಸವರಲು ಕ್ರೈಟಾಕ್ಸ್ 205ಜಿ0 ಎಂಬ ಗ್ರೀಸ್ ಹೆಚ್ಚು ಬಳಕೆಯಲ್ಲಿದೆ. ಅದನ್ನು ತೀರ ತೆಳುವಾಗಿ ಹಚ್ಚಬೇಕು. ಟ್ಯಾಕ್ಟೈಲ್ ಸ್ವಿಚ್ಚಿನಲ್ಲಿ ಕಂಬದಲ್ಲಿ ಉಬ್ಬನ್ನು ಉಂಟುಮಾಡುವ ಕಾಲಿಗೆ ಹಚ್ಚಲೇಬಾರದು, ಹಚ್ಚಿದರೆ ಉಬ್ಬು ಸಪ್ಪೆಯಾಗುತ್ತದೆ. ಅರವತ್ತು ಎಪ್ಪತ್ತು ಸ್ವಿಚ್ಚುಗಳನ್ನು ಬಿಚ್ಚಿ ಹಚ್ಚಿ ಮುಚ್ಚುವ ತಾಳ್ಮೆ ಇಲ್ಲದವರು ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿದವನ್ನು ಕೊಳ್ಳಬಹುದು, ಅದರಲ್ಲಿ ಹೀನಾಯವೇನೂ ಇಲ್ಲ.

ಕೀಕ್ಯಾಪುಗಳಲ್ಲಿ ಎಬಿಎಸ್ ಪ್ಲಾಸ್ಟಿಕ್ ಬಳಸುತ್ತ ಬಳಸುತ್ತ ಎಣ್ಣೆ ಹಚ್ಚಿದಂತೆ ಹೊಳೆಯತೊಡಗುತ್ತದೆ. ಪಿಬಿಟಿ ಹೆಚ್ಚು ಕಾಲ ಒರಟಾಗಿಯೇ ಉಳಿಯುತ್ತದೆ. ಅಕ್ಷರ ಅಳಿಯಬಾರದೆಂದರೆ ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಎರಕ ಹೊಯ್ದ ಡಬಲ್‌ಶಾಟ್ ಅಥವಾ ಬಣ್ಣವನ್ನು ಶಾಖದಿಂದ ಒಳಗಿಳಿಸಿದ ಡೈಸಬ್ ಆರಿಸಿ. ಡೈಸಬ್ಬಿನಲ್ಲಿ ದೀಪದ ಬೆಳಕು ಅಕ್ಷರದ ಮೂಲಕ ಹಾಯುವುದಿಲ್ಲ. ಚೆರ್ರಿ ಆಕಾರದ ತಗ್ಗು ಕೀಕ್ಯಾಪುಗಳು ನನಗೆ ಹಿತ, ಎಸ್ಎ ಆಕಾರದ ಎತ್ತರದವು ನೋಡಲು ಚೆಂದ. ಬೋರ್ಡಿನಲ್ಲಿ ದೀಪವು ಸ್ವಿಚ್ಚಿನ ಹಿಂಬದಿಗೆ, ಅಂದರೆ ಎಫ್ ಸಾಲಿನ ಕಡೆಗಿದ್ದರೆ ಚೆರ್ರಿ ಆಕಾರದ ಕೀಕ್ಯಾಪುಗಳು ಕೆಲವು ಸ್ವಿಚ್ಚುಗಳ ಮೈಗೆ ತಾಗುವುದುಂಟು. ದೀಪ ಬರೆಯುವವರ ಕಡೆಗಿರುವ ಬೋರ್ಡಿನಲ್ಲಿ ಆ ತೊಂದರೆಯಿಲ್ಲ.

ಮುಂಗಡ ಹಣ ಪಡೆದು ಆಮೇಲೆ ತಯಾರಿಸುವ ಗ್ರೂಪ್‌ಬೈ ಪದ್ಧತಿಯಲ್ಲಿ ಚೆಂದದ ವಸ್ತುಗಳು ಬರುತ್ತವೆ, ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಕಾಯಬೇಕಾಗುತ್ತದೆ. ಮೊದಲ ಕೀಲಿಮಣೆಯನ್ನು ಹೀಗೆ ಕೊಳ್ಳಬೇಡಿ. ಸಿದ್ಧವಿರುವ ಸರಕಿನಲ್ಲಿಯೇ ಆಯ್ಕೆ ಬೇಕಾದಷ್ಟಿದೆ.

ಮೌಸ್, ಮಾನಿಟರ್, ಕೇಬಲ್, ಬೆಸುಗೆ

ಮೌಸಿನಲ್ಲಿ ಬದಲಾಯಿಸಲಾಗದ್ದು ಆಕಾರ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಬೆನ್ನು ಉಬ್ಬಿದ ದೊಡ್ಡದು, ಬೆರಳ ತುದಿಗಳಲ್ಲಿ ಹಿಡಿಯುವವರಿಗೆ ತಗ್ಗಾದ ಹಗುರದ್ದು ಬೇಕು. ನಡುಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಅಳೆದುಕೊಂಡು, ಮೌಸಿನ ಉದ್ದ, ಅಗಲ, ಎತ್ತರಗಳೊಂದಿಗೆ ಹೋಲಿಸಿ. ಈಗಿನದು ಹಿತವಾಗಿದ್ದರೆ ಅದರ ಅಳತೆಯೇ ಅತ್ಯುತ್ತಮ ಮಾರ್ಗದರ್ಶಿ. ಚಲನೆಯ ಸೂಕ್ಷ್ಮತೆಯನ್ನು ಹೇಳುವ, ಇಪ್ಪತ್ತು ಸಾವಿರ ಮೀರಿದ ಡಿಪಿಐ ಅಂಕಿಗಳು ಅಲಂಕಾರಕ್ಕೆ ಮಾತ್ರ. ಹೆಚ್ಚಿನವರು ಬಳಸುವುದು ಅದರ ಒಂದು ಸಣ್ಣ ಪಾಲನ್ನು. ಗುಂಡಿಗಳ ಹೊಂದಾಣಿಕೆ ಮೌಸಿನ ನೆನಪಿನಲ್ಲಿಯೇ ಉಳಿಯುತ್ತದೆಯೇ ಎಂದು ವಿಚಾರಿಸಿ.

ಮಾನಿಟರಿನಲ್ಲಿ ನೋಡಬೇಕಾದ್ದು ಪಿಕ್ಸೆಲ್ ಸಾಂದ್ರತೆ. 24 ಅಂಗುಲದ 1080ಪಿ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92, 27 ಅಂಗುಲದ 1440ಪಿಯಲ್ಲಿ ಸುಮಾರು 109, ಅದೇ ಅಳತೆಯ 4ಕೆಯಲ್ಲಿ ಸುಮಾರು 163 ಪಿಕ್ಸೆಲ್‌ಗಳಿರುತ್ತವೆ. 27 ಅಂಗುಲಕ್ಕೆ 1080ಪಿ ಬೇಡ, ಅಕ್ಷರದ ಅಂಚು ಒಡೆದು ಕಾಣುತ್ತದೆ. ಒತ್ತಕ್ಷರಗಳು ಚಿಕ್ಕದಾಗಿ ಕೆಳಗಿಳಿಯುವ ನಮ್ಮ ಲಿಪಿಯನ್ನು ಓದುವಾಗ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ, 144 ಹರ್ಟ್ಸಿನದು 6.9 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ. ಆಟವಾಡದವರೂ ಪುಟ ಸರಿಸುವಾಗ ಇದನ್ನು ಗುರುತಿಸಬಲ್ಲರು. ದಿನವಿಡೀ ಒಂದೇ ಪಟ್ಟಿ ಒಂದೇ ಜಾಗದಲ್ಲಿ ನಿಲ್ಲುವ ಕೆಲಸಕ್ಕೆ ಓಎಲ್ಇಡಿ ಪರದೆಗಿಂತ ಐಪಿಎಸ್ ಬಗೆಯ ಎಲ್‌ಸಿಡಿ ಪರದೆ ನಿಶ್ಚಿಂತೆ, ಏಕೆಂದರೆ ಓಎಲ್ಇಡಿಯಲ್ಲಿ ಅಂಥ ಗುರುತು ಕಾಲಕ್ರಮೇಣ ಉಳಿದುಬಿಡಬಹುದು. ಹಿಂದೆ 100 ಮಿ.ಮೀ. ಅಂತರದ, ವೆಸಾ ಎಂಬ ಮಾನಕದ ತೂತುಗಳಿದ್ದರೆ ಜೊತೆಗೆ ಬರುವ ಕಾಲು ಹೇಗಿದೆಯೆಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಬೇರೆ ತೋಳು ಹಾಕಬಹುದು.

ಯೂಎಸ್‌ಬಿ ಟೈಪ್-ಸಿ ಕೇಬಲುಗಳ ಆಕಾರವೊಂದೇ, ಸಾಮರ್ಥ್ಯ ಬೇರೆಬೇರೆ. ಒಂದು ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ ಸಾಗಿಸಿದರೆ ಅದೇ ರೂಪದ ಇನ್ನೊಂದು 40 ಗಿಗಾಬಿಟ್ ಸಾಗಿಸುತ್ತದೆ. ವಿದ್ಯುತ್ತಿನ ಮಿತಿಯೂ ಹಾಗೆಯೇ, 2021ರ ಪರಿಷ್ಕರಣೆಯ ನಂತರ ಅದು 240 ವ್ಯಾಟಿನವರೆಗೆ ಏರಿದೆ. ಕೊಂಡ ಕೂಡಲೇ ಕೇಬಲ್ಲಿಗೊಂದು ಚೀಟಿ ಅಂಟಿಸಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಕೀಲಿಮಣೆಗೆ 480 ಮೆಗಾಬಿಟ್ಟಿನದು ಧಾರಾಳವಾಗಿ ಸಾಕು, ಸುರುಳಿ ಕೇಬಲ್ ಶೋಕಿಯ ವಸ್ತು. ಸಾಧನವೊಂದು ಹಳೆಯ ಟೈಪ್-ಎ ತುದಿಯ ಕೇಬಲ್ಲಿನಿಂದ ನಡೆದು, ಎರಡೂ ತುದಿ ಟೈಪ್-ಸಿ ಆಗಿರುವ ಕೇಬಲ್ಲಿನಿಂದ ಸತ್ತಂತೆ ಬಿದ್ದಿದ್ದರೆ, ಕೇಬಲ್ಲನ್ನು ದೂರಬೇಡಿ: ಕಿಂಡಿಯಲ್ಲಿ ಇರಬೇಕಾದ 5.1 ಕಿಲೋಓಮಿನ ಎರಡು ರೆಸಿಸ್ಟರುಗಳನ್ನು ತಯಾರಕರು ಹಾಕದೆ ಬಿಟ್ಟಿರುವ ಸಂಭವ ಹೆಚ್ಚು.

ಬೆಸುಗೆ ಹಾಕಲು ಹೊರಡುವವರು ಉಷ್ಣತೆ ನಿಯಂತ್ರಿಸಬಲ್ಲ ಬೆಸುಗೆ ಕಡ್ಡಿಯನ್ನೇ (ಸೋಲ್ಡರಿಂಗ್ ಐರನ್) ಕೊಳ್ಳಬೇಕು. 63 ಭಾಗ ತವರ, 37 ಭಾಗ ಸೀಸದ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುವುದರಿಂದ ಕಲಿಯುವವರಿಗೆ ಅನುಕೂಲ. ಹೊಗೆ ಮೂಗಿಗೆ ಬಾರದಂತೆ ಗಾಳಿಯಾಡುವಲ್ಲಿ ಕೂತು, ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು.

ಕೀಲಿಮಣೆ ಮನೆಗೆ ಬಂದ ದಿನವೇ, ಹಿಂತಿರುಗಿಸುವ ಅವಧಿ ಇರುವಾಗಲೇ, ಬ್ರೌಸರಿನಲ್ಲಿ ಕೀಲಿ ಪರೀಕ್ಷಿಸುವ ಪುಟವೊಂದನ್ನು ತೆರೆದು ಪ್ರತಿ ಕೀಲಿಯನ್ನೂ ಹತ್ತು ಸಲ ಒತ್ತಿ. ಒಂದು ಒತ್ತಿಗೆ ಎರಡು ಅಕ್ಷರ ಬೀಳುವುದು, ಒಂದೂ ಬೀಳದಿರುವುದು ಎರಡನ್ನೂ ಗಮನಿಸಿ. ಹಾಟ್‌ಸ್ವಾಪ್ ಬೋರ್ಡಾದರೆ ಕೆಲಸ ಮಾಡದ ಕೀಲಿಯ ಸ್ವಿಚ್ಚನ್ನು ಪಕ್ಕದ ಕೀಲಿಯದರೊಂದಿಗೆ ಅದಲುಬದಲು ಮಾಡಿ ನೋಡಿ. ದೋಷ ಸ್ವಿಚ್ಚಿನೊಂದಿಗೆ ಸರಿದರೆ ಅದು ಸ್ವಿಚ್ಚಿನದು. ಜಾಗದಲ್ಲೇ ಉಳಿದರೆ ಬೋರ್ಡಿನದು, ಆಗ ಪೆಟ್ಟಿಗೆಯನ್ನು ಮರಳಿ ಕಟ್ಟಿ. ಎಲ್ಲವೂ ಸರಿಯಿದ್ದರೆ ಕೀಲಿಗಳ ಹೊಂದಾಣಿಕೆಯನ್ನು ಮಾಡಿ ಮುಗಿಸಿ, ಆ ಕಡತದ ಒಂದು ಪ್ರತಿಯನ್ನು ಕೀಲಿಮಣೆಯ ಹೊರಗೆ ಇಟ್ಟುಕೊಳ್ಳಿ, ಏಕೆಂದರೆ ಹೊಸ ಫರ್ಮ್‌ವೇರ್ ತುಂಬಿದಾಗ ವಿಯಾದಲ್ಲಿ ಮಾಡಿದ ಬದಲಾವಣೆಗಳು ಅಳಿಸಿಹೋಗುವುದುಂಟು.